ಮೊದಲು ಗೌಂಡಿ, ಕೊನೆಗೆ ಬಡಗಿ: ನಮ್ಮ ಅಡುಗೆ ಕಟ್ಟೆಯ ಚರಿತ್ರೆ

ಪುಣೆಯಲ್ಲಿ ಅಡುಗೆಮನೆಯ ಕಲ್ಲಿನ ಕಟ್ಟೆಗೆ 'ಓಟಾ' ಎನ್ನುತ್ತಾರೆ. ಹಳ್ಳಿಮನೆಯ ಮುಂದೆ ಸಂಜೆ ಕೂತು ಹರಟುವ ಜಗಲಿಗೂ ಮರಾಠಿಯಲ್ಲಿ ಅದೇ ಪದ. ನಮ್ಮ 'ಕಟ್ಟೆ'ಯ ಕಥೆಯೂ ಹೀಗೆಯೇ: ಅರಳಿಕಟ್ಟೆ, ಬಾವಿಕಟ್ಟೆ, ಹರಟೆಕಟ್ಟೆ ಎಲ್ಲ ಮುಗಿದ ಮೇಲೆ ಅಡುಗೆಕಟ್ಟೆ. ಎರಡೂ ಭಾಷೆಗಳಲ್ಲಿ ಆ ಜಾಗಕ್ಕೆ ಅದರದೇ ಆದ ಹೆಸರಿಲ್ಲ, ಅಂಗಳದಿಂದ ಎರವಲು ತಂದದ್ದು. ನಿಂತು ಅಡುಗೆ ಮಾಡುವ ಕಟ್ಟೆ ನಮ್ಮ ಬಹುಪಾಲು ಮನೆಗಳಿಗೆ ಬಂದು ಎರಡು ಮೂರು ತಲೆಮಾರು ಆಗಿರಬಹುದು, ಅಷ್ಟೇ. ಹೆಸರು ಹುಟ್ಟುವಷ್ಟು ಹಳೆಯದಲ್ಲ.

ಕಳೆದ ವರ್ಷ ನಮ್ಮ ಫ್ಲ್ಯಾಟಿನ ಅಡುಗೆಮನೆಯನ್ನು ಒಡೆದು ಹೊಸದಾಗಿ ಕಟ್ಟಿಸಬೇಕಾಗಿ ಬಂತು. ಕಟ್ಟೆಯ ಕಲ್ಲು ಮತ್ತು ಅದರ ಹಿಂದಿನ ಗೋಡೆಯ ಟೈಲ್ಸ್, ಇವೆರಡನ್ನು ಕೂರಿಸಲು ಐದು ಬಗೆಯ ಕೆಲಸಗಾರರು ಒಬ್ಬರ ಹಿಂದೆ ಒಬ್ಬರು ಬರಬೇಕಿತ್ತು. ಯಾರು ಮೊದಲು, ಯಾರು ಆಮೇಲೆ ಎಂದು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಾಗ ಅತ್ತೆ ಇಣುಕಿ ನೋಡಿ, "ಇದೇನಿದು, ಎಲ್ಲಾ ಉಲ್ಟಾ ಬರೆದೀ? ಬಡಗಿ ಕೊನೀಗೆ ಬರಬೇಕಲ್ಲ?" ಎಂದರು. ಅವರ ಕಾಲಕ್ಕೆ ಅವರು ಹೇಳಿದ್ದು ಸರಿ, ನನ್ನ ಕಾಲಕ್ಕೆ ನಾನು ಬರೆದದ್ದು ಸರಿ. ನಡುವೆ ಈ ಸರದಿ ತಲೆಕೆಳಗಾದದ್ದು ಹೇಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು.

ನಮ್ಮ ಅಜ್ಜಿಯರು ಕೂತು ಅಡುಗೆ ಮಾಡಿದವರು. ಈಳಿಗೆಮಣೆ, ಒರಳು, ಬೀಸುವ ಕಲ್ಲು, ಒಲೆ ಎಲ್ಲವೂ ಕೂತವರ ಕೈಯಳತೆಗೆ ಇದ್ದವು. ಮುಂಬೈ ಚಾಳುಗಳ ಒಂದೂವರೆ ಕೋಣೆಯ ಮನೆಯಲ್ಲೂ ಒಂದು ಮೂಲೆಯಲ್ಲಿ ಮೋರಿ, ಇನ್ನೊಂದು ಮೂಲೆಯಲ್ಲಿ ನೆಲದ ಮೇಲೆ ಸೀಮೆಎಣ್ಣೆ ಸ್ಟವ್. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್ ಸ್ಟವ್ ನಮ್ಮಲ್ಲಿಗೆ ಬಂದು ನೆಲದ ಮೇಲೆಯೇ ಕೂತಿತು. ಹೊಗೆ ಕಡಿಮೆಯಾಯಿತೇ ಹೊರತು ಹೆಂಗಸರು ಎದ್ದು ನಿಲ್ಲಲಿಲ್ಲ.

ಎಬ್ಬಿಸಿ ನಿಲ್ಲಿಸಿದ್ದು ಗ್ಯಾಸ್ ಸಿಲಿಂಡರ್. 1955ರಲ್ಲಿ ಬರ್ಮಾ-ಶೆಲ್ ಕಂಪನಿ ಮುಂಬೈಯಲ್ಲಿ ಅಡುಗೆ ಅನಿಲ ಮಾರಲು ಶುರುಮಾಡಿತು. ಇಂಡಿಯನ್ ಆಯಿಲ್‌ನ ಇಂಡೇನ್ 1965ರಲ್ಲಿ ಕೋಲ್ಕತ್ತದಲ್ಲಿ ಆರಂಭವಾಯಿತು. ಗ್ಯಾಸ್ ಕಂಪನಿಗಳ ಸುರಕ್ಷತಾ ಸೂಚನೆಯಲ್ಲಿ ಇಂದಿಗೂ ಒಂದು ಸಾಲು ಇದೆ: ಒಲೆ ಯಾವಾಗಲೂ ಸಿಲಿಂಡರಿನ ಮಟ್ಟಕ್ಕಿಂತ ಮೇಲಿರಬೇಕು, ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಸಿಲಿಂಡರ್ ನಿಂತರೆ ಒಲೆ ಅದಕ್ಕಿಂತ ಎತ್ತರಕ್ಕೆ ಹೋಗಲೇಬೇಕು, ಒಲೆ ಎತ್ತರಕ್ಕೆ ಹೋದರೆ ಅಡುಗೆಯವಳೂ ಏಳಲೇಬೇಕು. ಆಧುನಿಕತೆ, ಪಾಶ್ಚಾತ್ಯ ಪ್ರಭಾವ ಎಂದೆಲ್ಲ ನಾವು ಹೇಳುತ್ತೇವೆ. ಇರಬಹುದು. ಆದರೆ ಎಷ್ಟೋ ಮನೆಗಳಲ್ಲಿ ಕಟ್ಟೆ ಕಟ್ಟಿಸಿದ್ದು ಒಂದು ಕಬ್ಬಿಣದ ಸಿಲಿಂಡರ್ ಎಂದೇ ನನ್ನ ಅನಿಸಿಕೆ. ಈಳಿಗೆಮಣೆ ಹೋಗಿ ಚಾಕು ಬಂತು, ಒರಳು ಹೋಗಿ ಮಿಕ್ಸಿ ಬಂತು. ಕೂತವರ ಸಾಮಾನೆಲ್ಲ ಅಟ್ಟ ಸೇರಿತು.

ಸರಿ, ಕಟ್ಟೆಗೆ ಕಲ್ಲು ಎಲ್ಲಿಂದ ಬರಬೇಕು? ಈ ಭಾಗ ನನಗೆ ಬಹಳ ಇಷ್ಟವಾಯಿತು. ಪುಣೆಯ ಹಳೆಯ ಅಡುಗೆಮನೆಗಳಲ್ಲಿ ಎರಡು ಕಲ್ಲುಗಳಿವೆ. ಕಾಲ ಕೆಳಗೆ ಶಹಾಬಾದಿ ಫರಸಿ, ಕೈ ಕೆಳಗೆ ಕಡಪಾ. ಶಹಾಬಾದ್ ನಮ್ಮ ಕಲಬುರಗಿ ಜಿಲ್ಲೆಯ ಊರು, ಕಡಪ ಆಂಧ್ರದ್ದು. ಎರಡೂ ಸುಣ್ಣಕಲ್ಲಿನ ಜಾತಿ. ಭೂಮಿಯೊಳಗೆ ಹಾಳೆ ಹಾಳೆಯಾಗಿ ಮಲಗಿರುವ ಕಲ್ಲು ಇದು. ಉಳಿ ಸುತ್ತಿಗೆಯಿಂದ ಎಬ್ಬಿಸಿದರೆ ಚಪ್ಪಡಿ ತಾನಾಗಿಯೇ ಬಿಡಿಸಿಕೊಂಡು ಬರುತ್ತದೆ, ಯಂತ್ರದಿಂದ ಸೀಳಬೇಕಾಗಿಲ್ಲ. ಗ್ರಾನೈಟ್ ನಮ್ಮ ನಾಡಿನಲ್ಲೇ ಬೇಕಾದಷ್ಟು ಇದ್ದರೂ ಅದಕ್ಕಿಂತ ಮೊದಲು ಈ ಕಲ್ಲುಗಳು ಮನೆ ಸೇರಿದ್ದು ಇದೇ ಕಾರಣಕ್ಕೆ.

ಇನ್ನೊಂದು ಕಾರಣ ರೈಲು. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಬಂದು ಕೂಡಿದವು. ನಿಲ್ದಾಣಗಳನ್ನು ಸಾಲಾಗಿ ಹೇಳಿ ನೋಡಿ: ಮುಂಬೈ, ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ, ರಾಯಚೂರು, ಗುಂತಕಲ್ಲು, ತಾಡಪತ್ರಿ, ಯರ್ರಗುಂಟ್ಲ, ಕಡಪ. ನೆಲದ ಕಲ್ಲಿನ ಊರೂ ಕಟ್ಟೆಯ ಕಲ್ಲಿನ ಊರೂ ಒಂದೇ ಹಳಿಯ ಮೇಲಿವೆ! ಒಂದು ಇಂಚು ದಪ್ಪದ, ಆರಡಿ ಉದ್ದ ಎರಡಡಿ ಅಗಲದ ಚಪ್ಪಡಿ ಸುಮಾರು 75 ಕಿಲೋ ತೂಗುತ್ತದೆ. ಅಷ್ಟು ಭಾರದ್ದು ದೂರದ ಊರಿಗೆ ಅಗ್ಗವಾಗಿ ಹೋಗಬೇಕಾದರೆ ಹಳಿ ಹತ್ತಿರವಿರಲೇಬೇಕು. ಕಲಬುರಗಿ, ರಾಯಚೂರು ಕಡೆಯ ನಮ್ಮ ಜನ ಪುಣೆ ಮುಂಬೈಗೆ ದುಡಿಯಲು ಬಂದದ್ದೂ ಇದೇ ಹಳಿಯ ಮೇಲೆ. ನಮ್ಮ ಸಂಘದಲ್ಲೇ ಎಷ್ಟು ಮನೆತನದವರು ಹೀಗೆ ಬಂದವರು ಎಂದು ನೀವೇ ಎಣಿಸಿಕೊಳ್ಳಿ. ಕಲ್ಲೂ ನಾವೂ ಸಹಪ್ರಯಾಣಿಕರು.

ಈಗ ಅತ್ತೆ ಹೇಳಿದ ಸರದಿಗೆ ಬರೋಣ. ಮರಾಠಿಯಲ್ಲಿ ಗವಂಡಿ, ಉತ್ತರ ಕರ್ನಾಟಕದಲ್ಲಿ ಗೌಂಡಿ, ಬೆಂಗಳೂರು ಮೈಸೂರು ಕಡೆ ಗಾರೆ ಮೇಸ್ತ್ರಿ. ಹಳೆಯ ಅಡುಗೆಮನೆಯಲ್ಲಿ ಎಲ್ಲವೂ ಅವನ ಕೈಯಲ್ಲಿತ್ತು. ಮೊದಲು ನೆಲದ ಫರಸಿ. ಆಮೇಲೆ ಗೋಡೆ ಕೊರೆದು ಎರಡು ಮೂರು ಕಡಪಾ ಚಪ್ಪಡಿಗಳನ್ನು ಕಾಲುಗಳಂತೆ ನೆಟ್ಟಗೆ ನಿಲ್ಲಿಸುವುದು. ನಡುವೆ ಪಾತ್ರೆ ಇಡಲು ಒಂದು ಅಡ್ಡ ಕಲ್ಲು, ಮೇಲೆ ಕಟ್ಟೆಯ ಕಲ್ಲು. ರಸಮಟ್ಟ ಇಟ್ಟು ನೋಡಿ ನೀರು ಸಿಂಕಿನ ಕಡೆಗೆ ಇಳಿಯುವಂತೆ ಕೂದಲೆಳೆಯಷ್ಟು ಇಳಿಜಾರು. ಕಟ್ಟೆ ಗಟ್ಟಿಯಾದ ಮೇಲೆ ಅದರ ಮೇಲೆ ನಿಲ್ಲುವಂತೆ ಗೋಡೆಗೆ ಬಿಳಿ ಟೈಲ್ಸ್, ಸಂದಿಗೆ ಬಿಳಿ ಸಿಮೆಂಟ್. ನಲ್ಲಿಯವನು ಬಂದು ನಲ್ಲಿ ಕೂರಿಸುತ್ತಿದ್ದ. ಕೈಯಲ್ಲಿ ದುಡ್ಡು ಉಳಿದಿದ್ದರೆ ಬಡಗಿ ಬಂದು ಕಟ್ಟೆಯ ಕೆಳಗೆ ಬಾಗಿಲು ಹಾಕುತ್ತಿದ್ದ, ಇಲ್ಲದಿದ್ದರೆ ಹೂವಿನ ಪರದೆ. ಬಡಗಿ ಕೊನೆಗೆ, ಬಂದರೆ ಬಂದ.

ಗೋಡೆಯ ಟೈಲ್ಸಿಗೆ ನಮ್ಮ ಮಿಸ್ತ್ರಿಗಳು 'ಡ್ಯಾಡೋ' ಎನ್ನುತ್ತಾರೆ. ಇದು ಇಟಲಿ ಮೂಲದ, ವಾಸ್ತುಶಿಲ್ಪದ ಗಂಭೀರ ಪದ. ದೊಡ್ಡ ಕಟ್ಟಡಗಳಲ್ಲಿ ಗೋಡೆಯ ಕೆಳಭಾಗದ ಅಲಂಕಾರಕ್ಕೆ ಹೇಳುವಂಥದ್ದು, ನಮ್ಮಲ್ಲಿ ಒಗ್ಗರಣೆ ಸಿಡಿಯುವ ಎರಡಡಿ ಗೋಡೆಗೆ ಬಂದು ನಿಂತಿದೆ. ಅದಕ್ಕೂ ಮುಂಚೆ ಆ ಗೋಡೆಗೆ ಸುಣ್ಣವೋ ಎಣ್ಣೆ ಬಣ್ಣವೋ ಇರುತ್ತಿತ್ತು, ದೀಪಾವಳಿಗೊಮ್ಮೆ ಮಸಿ ಉಜ್ಜುವುದು ಹೆಂಗಸರ ಪಾಲಿಗೆ. ಮುಂಬೈ ಪಕ್ಕದ ಠಾಣೆಯಲ್ಲಿ 1958ರಲ್ಲಿ ಎಚ್ ಆ್ಯಂಡ್ ಆರ್ ಜಾನ್ಸನ್ ಕಂಪನಿ ಹೊಳಪಿನ ಟೈಲ್ಸ್ ತಯಾರಿಸಲು ಆರಂಭಿಸಿದ ಮೇಲೆ ಸಾಧಾರಣ ಮನೆಗಳಿಗೂ ಬಿಳಿ ಚೌಕಗಳು ಬರತೊಡಗಿದವು. ಈಗ ಆ ಮಾರುಕಟ್ಟೆಯ ಬಹುಭಾಗ ಗುಜರಾತಿನ ಮೋರ್ಬಿಯದು.

ಗೌಂಡಿಯ ಆ ಸರದಿಯಲ್ಲಿ ಒಂದು ಮುಖ್ಯ ಸಂಗತಿ ಇದೆ. ಮೊದಲು ಬಂದವನೇ ಕಟ್ಟೆಯ ಎತ್ತರ ತೀರ್ಮಾನಿಸುತ್ತಿದ್ದ. ಧಾರವಾಡದಲ್ಲಿ ನಮ್ಮ ಅಜ್ಜನ ಮನೆ ಕಟ್ಟುವಾಗ ಗೌಂಡಿ ಅಜ್ಜಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಸೊಂಟದ ಮೇಲೆ ಎಲ್ಲಿ ಬೇಕು ಎಂದು ಕೇಳಿ ಇದ್ದಿಲಿನಿಂದ ಗೆರೆ ಎಳೆದಿದ್ದನಂತೆ. ಅಮ್ಮ ಇದನ್ನು ಅನೇಕ ಸಲ ಹೇಳಿದ್ದಾರೆ. ಆದರೆ ಪುಣೆ ಮುಂಬೈಯ ಸೊಸೈಟಿ ಕಟ್ಟಡಗಳಲ್ಲಿ ನಾಲ್ಕು ಮಹಡಿ, ಹದಿನಾರು ಅಡುಗೆಮನೆ, ಹದಿನಾರಕ್ಕೂ ಒಂದೇ ಅಳತೆ. ಗೌಂಡಿ ಕಟ್ಟೆ ಕಟ್ಟುವಾಗ ಅಲ್ಲಿ ಅಡುಗೆ ಮಾಡುವವಳು ಯಾರು ಎಂಬುದೇ ಗೊತ್ತಿಲ್ಲ. ಎತ್ತರ ಕೇಳುವುದು ಯಾರನ್ನು?

ಇಲ್ಲಿ ಸ್ವಲ್ಪ ಹೊರದೇಶಕ್ಕೆ ಹೋಗಿಬರಬೇಕು, ಏಕೆಂದರೆ ಇದೇ ಪ್ರಶ್ನೆ ಅಲ್ಲಿ ಮೊದಲೇ ಎದ್ದಿತ್ತು. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಇಟ್ಟಿಗೆ ಗೌಂಡಿಯಾಗಿ ಕೆಲಸ ಆರಂಭಿಸಿದವರು. ಒಂದು ಇಟ್ಟಿಗೆ ಇಡಲು ಗೌಂಡಿ ಎಷ್ಟು ಸಲ ಬಾಗುತ್ತಾನೆ, ತಿರುಗುತ್ತಾನೆ ಎಂದು ಎಣಿಸಿ, ಇಟ್ಟಿಗೆಯನ್ನು ಕೈಯ ಮಟ್ಟಕ್ಕೇ ತರುವ, ಎತ್ತರ ಬದಲಿಸಬಹುದಾದ ಅಟ್ಟಣೆ ಮಾಡಿದರು. 1909ರಲ್ಲಿ ಇಟ್ಟಿಗೆ ಕೆಲಸದ ಮೇಲೆ ಪುಸ್ತಕವನ್ನೇ ಬರೆದರು. 1924ರಲ್ಲಿ ಅವರು ತೀರಿಕೊಂಡಾಗ ಪತ್ನಿ ಲಿಲಿಯನ್ ಗಿಲ್ಬ್ರೆತ್ ಮೇಲೆ ದೊಡ್ಡ ಸಂಸಾರದ ಭಾರ. ಡಾಕ್ಟರೇಟ್ ಪಡೆದ ಆಕೆಯನ್ನು ಕಾರ್ಖಾನೆಗಳು ಮೊದಲಿನಂತೆ ಕರೆಯಲಿಲ್ಲ, ಹೆಂಗಸು ಎಂಬ ಕಾರಣಕ್ಕೆ. ಆಕೆ ಅದೇ ವಿದ್ಯೆಯನ್ನು ಅಡುಗೆಮನೆಗೆ ತಂದರು. 1929ರಲ್ಲಿ ಬ್ರೂಕ್ಲಿನ್ನಿನ ಒಂದು ಗ್ಯಾಸ್ ಕಂಪನಿಗಾಗಿ ಮಾದರಿ ಅಡುಗೆಮನೆ ಮಾಡಿದಾಗ, ಒಂದು ಸ್ಟ್ರಾಬೆರಿ ಕೇಕಿಗೆ ಬೇಕಾಗುತ್ತಿದ್ದ 281 ಹೆಜ್ಜೆಗಳು 45ಕ್ಕೆ ಇಳಿದವು. ಕಟ್ಟೆಯ ಎತ್ತರ ಅಲ್ಲಿ ಅಡುಗೆ ಮಾಡುವವಳ ಎತ್ತರಕ್ಕೆ ಹೊಂದಬೇಕು ಎಂಬುದು ಆಕೆಯ ಪಟ್ಟು. ಗೌಂಡಿಯ ಬೆನ್ನಿನಿಂದ ಹೊರಟ ವಿಚಾರ ಗೃಹಿಣಿಯ ಬೆನ್ನಿಗೆ ಬಂದು ಮುಟ್ಟಿತ್ತು.

ಮೂರು ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯೂಟ್ಟೆ-ಲಿಹೊಟ್ಸ್ಕಿ ಕಾರ್ಮಿಕರ ವಸತಿಗಾಗಿ ಒಂದು ಅಡುಗೆಮನೆ ರೂಪಿಸಿದ್ದರು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಇಂಥವು ಸುಮಾರು 10,000 ಆದವು. ಕಪಾಟು, ಕಟ್ಟೆ, ಸಿಂಕು ಎಲ್ಲ ಒಂದಕ್ಕೊಂದು ಜೋಡಿಸಿಕೊಂಡ ಈ ಅಡುಗೆಮನೆಯೇ ಇವತ್ತಿನ ಮಾಡ್ಯುಲರ್ ಕಿಚನ್ನಿನ ಅಜ್ಜಿ. ಆಕೆ ಮುಂದೆ ಹಿಟ್ಲರನ ವಿರುದ್ಧ ಕೆಲಸ ಮಾಡಿ 1941ರಿಂದ 1945ರವರೆಗೆ ಸೆರೆಯಲ್ಲಿದ್ದರು ಎಂಬುದನ್ನು ಕಿಚನ್ ಕಂಪನಿಗಳ ಜಾಹೀರಾತಿನಲ್ಲಿ ಯಾರೂ ಹಾಕುವುದಿಲ್ಲ. ಇನ್ನೊಂದು ತಮಾಷೆ: ಆ ಅಡುಗೆಮನೆಯಲ್ಲಿ ಕಿಟಕಿಯ ಮುಂದೆ ಕೂತು ತರಕಾರಿ ಹೆಚ್ಚಲು ಒಂದು ತಿರುಗುವ ಸ್ಟೂಲ್ ಇತ್ತು. ಅವರ ಆದರ್ಶ ಅಡುಗೆಮನೆಯಲ್ಲಿ ಕೂರಲು ಜಾಗವಿತ್ತು. ನಮ್ಮಲ್ಲಿ ಎದ್ದು ನಿಂತವರಿಗೆ ಸ್ಟೂಲ್ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮರಳಿ ಪುಣೆಗೆ. ಎಂಬತ್ತು, ತೊಂಬತ್ತರ ದಶಕದಲ್ಲಿ ವಜ್ರದ ಹಲ್ಲಿನ ಗರಗಸಗಳು ಸಾಮಾನ್ಯವಾಗುತ್ತಿದ್ದಂತೆ ಗ್ರಾನೈಟ್ ಮನೆ ಹೊಕ್ಕಿತು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಕನಕಪುರದ ಬಣ್ಣ ಬಣ್ಣದ ಕಲ್ಲು ಎಲ್ಲವೂ ನಮ್ಮ ನಾಡಿನವೇ. ಕಡಪಾ ಸುಣ್ಣಕಲ್ಲಾದ್ದರಿಂದ ನಿಂಬೆ, ಹುಣಸೆ, ಟೊಮ್ಯಾಟೊ ಹುಳಿ ತಾಗಿದಲ್ಲೆಲ್ಲ ಮಂಕಾಗುತ್ತದೆ, ಗ್ರಾನೈಟ್ ಹುಳಿಗೆ ಜಗ್ಗುವುದಿಲ್ಲ. ಸಾರು ಹುಳಿ ತಿನ್ನುವ ನಮಗೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಗ್ರಾನೈಟಿನ ಕೆಳಗೆ ಕಡಪಾದ ಕಾಲುಗಳು ಹಾಗೇ ಉಳಿದವು, ಆ ಗೂಡುಗಳೊಳಗೆ ಸ್ಟೀಲಿನ ಟ್ರಾಲಿಗಳು ಬಂದವು. ಪುಣೆಯ ಮಧ್ಯಮ ವರ್ಗದ ಮನೆಗಳಲ್ಲಿ ಟ್ರಾಲಿ ಹಾಕಿಸುವುದು ಒಂದು ಸಂಭ್ರಮವೇ ಆಗಿತ್ತು. ಆಗಲೂ ಸರದಿ ಹಳೆಯದೇ: ಗೌಂಡಿ ಮೊದಲು, ಟ್ರಾಲಿಯವನು ಕೊನೆಗೆ.

ಮಾಡ್ಯುಲರ್ ಬಂದಾಗ ಇದು ತಿರುಗಿತು. ಕಟ್ಟೆ ಮನೆಯ ಭಾಗವಾಗಿದ್ದದ್ದು ಪೀಠೋಪಕರಣವಾಯಿತು. ಈಗ ಮೊದಲು ಬರುವುದು ಮರದ ಡಬ್ಬಗಳು. ಕಲ್ಲು ಅವುಗಳ ಮೇಲೆ ಕೂರುತ್ತದೆ. ಟೈಲ್ಸ್ ಕಲ್ಲಿನ ಮೇಲೆ ನಿಲ್ಲುತ್ತದೆ. ಮೊದಲು ಬಂದವನು ಎತ್ತರ ತೀರ್ಮಾನಿಸುವ ನಿಯಮ ಮಾತ್ರ ಬದಲಾಗಲಿಲ್ಲ. ಯುರೋಪಿನಿಂದ ಬಂದ ಡಬ್ಬದ ಪ್ರಮಾಣಿತ ಎತ್ತರ 720 ಮಿಲಿಮೀಟರ್. ಕೆಳಗಿನ ಕಾಲು 100ರಿಂದ 150, ಮೇಲಿನ ಕಲ್ಲು 20. ಕೂಡಿಸಿದರೆ 840ರಿಂದ 890, ಅಂದರೆ 33ರಿಂದ 35 ಇಂಚು. ನಮ್ಮ ಅತ್ತೆಯ ಎತ್ತರ ನಾಲ್ಕಡಿ ಹತ್ತಿಂಚು.

ಹಳೆಯ ಸರದಿಯಲ್ಲಿ ಗೌಂಡಿಯ ತಲೆಯಲ್ಲಿದ್ದ ಇನ್ನೊಂದು ಕೆಲಸವೂ ಕಾಣೆಯಾಯಿತು: ಒಬ್ಬರ ಕೆಲಸವನ್ನು ಇನ್ನೊಬ್ಬರ ಕೆಲಸಕ್ಕೆ ಹೊಂದಿಸುವುದು. ನಾವು ಮಾತಾಡಿದ ಕಿಚನ್ ಕಂಪನಿಯವರು "ಎಲ್ಲಾ ನಾವೇ ನೋಡಿಕೊಳ್ಳುತ್ತೇವೆ ಮೇಡಂ" ಎಂದರು. ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕಲ್ಲು, ಟೈಲ್ಸ್, ನಲ್ಲಿ, ವಿದ್ಯುತ್ತು ಗ್ರಾಹಕರ ಹೊಣೆ ಎಂದಿತ್ತು. ಗ್ರಾಹಕರು ಎಂದರೆ ಯಾರು? ಮನೆಯಲ್ಲಿ ಫೋನ್ ಎತ್ತುವವಳು.

ಆಫೀಸಿನಲ್ಲಿ ನಾನು ಮಾಡುವುದೂ ಇದನ್ನೇ, ಸಂಬಳಕ್ಕೆ. ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂದು ಲೆಕ್ಕ ಹಾಕುವ 'ಕ್ರಿಟಿಕಲ್ ಪಾತ್' ವಿಧಾನ 1957ರಲ್ಲಿ ಡ್ಯೂಪಾಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಗಳಿಗಾಗಿ ಹುಟ್ಟಿದ್ದು. ಎಂ.ಟೆಕ್‌ನಲ್ಲಿ ಓದಿ ಮರೆತಿದ್ದ ಅದು ಅಡುಗೆಮನೆಯಲ್ಲಿ ನೆನಪಾಯಿತು. ಉದಾಹರಣೆಗೆ ಸಿಂಕ್ ತೆಗೆದುಕೊಳ್ಳಿ. ಹಳೆಯ ಸಿಂಕ್ ಆರು ಇಂಚು ಆಳ, ಹೊಸದು ಒಂಬತ್ತು. ಹಾಗಾದರೆ ಗೋಡೆಯೊಳಗಿನ ನೀರು ಹೋಗುವ ಪೈಪು ಮೂರಿಂಚು ಕೆಳಗಿಳಿಯಬೇಕು, ಅದೂ ಡಬ್ಬಗಳು ಬರುವ ಮೊದಲು. ಡಬ್ಬ ಕೂತ ಮೇಲೆಯೇ ಕಲ್ಲಿನ ಅಳತೆ, ನಕ್ಷೆ ನೋಡಿ ಅಲ್ಲ. ನಮ್ಮ ಗೋಡೆ ಒಂಬತ್ತಡಿ ಉದ್ದದಲ್ಲಿ 14 ಮಿಲಿಮೀಟರ್ ಓರೆಯಾಗಿತ್ತು, ನಕ್ಷೆಯಲ್ಲಿ ಎಲ್ಲಾ ಗೋಡೆಗಳೂ ನೇರ. ಸಿಂಕ್ ಕೈಯಲ್ಲಿದ್ದರೆ ಮಾತ್ರ ಕಲ್ಲಿಗೆ ತೂತು. ಕಲ್ಲು ಕೂತ ಮೇಲೆ ಗೋಡೆಗೂ ಕಲ್ಲಿಗೂ ನಡುವೆ ಉಳಿಯುವ ಸಂದನ್ನು ಟೈಲ್ಸಿನ ದಪ್ಪ ಮುಚ್ಚುತ್ತದೆ, ಅದಕ್ಕೇ ಡ್ಯಾಡೋ ಆಮೇಲೆ. ಕಟ್ಟೆಯೂ ಟೈಲ್ಸೂ ಕೂಡುವ ಮೂಲೆಗೆ ಸಿಮೆಂಟ್ ಬೇಡ, ಸಿಲಿಕೋನ್ ಬೇಕು. ಕಲ್ಲು ಮರದ ಮೇಲೆ ಕೂತಿರುವುದರಿಂದ ಸ್ವಲ್ಪ ಅಲುಗುತ್ತದೆ, ಸಿಮೆಂಟ್ ಬಿರಿಯುತ್ತದೆ. ಮಿಕ್ಸಿಯ ಸ್ವಿಚ್ಚು ಎಲ್ಲಿ ಬರಬೇಕೆಂಬುದು ಕಟ್ಟೆಯ ಎತ್ತರದ ಮೇಲೆ ನಿಂತಿದೆ, ಚಿಮಣಿಯೂ ಹಾಗೇ.

ಬಂದವರಲ್ಲಿ ಪ್ಲಂಬರ್ ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯವರು. ದೇಶದ ಅರ್ಧ ನಲ್ಲಿಗಳನ್ನು ಆ ಜಿಲ್ಲೆಯವರೇ ಕೂರಿಸುತ್ತಾರೇನೋ ಎನಿಸುತ್ತದೆ, ಅಲ್ಲಿನ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಒಂದು ಸರ್ಕಾರಿ ಸಂಸ್ಥೆ ಇದೆ. ಬಡಗಿ, ಗ್ರಾನೈಟ್ ಮಿಸ್ತ್ರಿ ರಾಜಸ್ಥಾನದವರು, ಟೈಲ್ಸಿನವರು ಉತ್ತರ ಪ್ರದೇಶದವರು. ಹಳೆಯದನ್ನು ಒಡೆಯಲು ಬಂದ ಗೌಂಡಿ ಮಾತ್ರ ಯಾದಗಿರಿ ಕಡೆಯವರು. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸುವಾಗ ನನ್ನ ಹಿಂದಿ ಬಹಳ ಸುಧಾರಿಸಿತು.

ಕಲ್ಲಿನ ಆಯ್ಕೆಯಲ್ಲಿ ಒಂದು ವಿಷಯ ಹೇಳಲೇಬೇಕು. ಅಂಗಡಿಯಲ್ಲಿ ಎಲ್ಲರೂ ತೋರಿಸಿದ್ದು ಕ್ವಾರ್ಟ್ಸ್. ಇದು ಗಣಿಯ ಕಲ್ಲಲ್ಲ, ಇಟಲಿಯ ಬ್ರೆಟಾನ್ ಕಂಪನಿ ರೂಪಿಸಿದ ತಂತ್ರದಲ್ಲಿ ಕಲ್ಲಿನ ಪುಡಿಗೆ ರಾಳ ಸೇರಿಸಿ ಒತ್ತಿ ಮಾಡಿದ್ದು. ನೋಡಲು ಚೆಂದ, ಕಲೆ ಹಿಡಿಯುವುದಿಲ್ಲ. ಆದರೆ ಅದರಲ್ಲಿ ಸಿಲಿಕಾ ಶೇಕಡ 90ರ ಆಸುಪಾಸು ಇರುವುದುಂಟು. ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಹರೆಯದ ಕೆಲಸಗಾರರೇ ಈ ರೋಗಕ್ಕೆ ತುತ್ತಾಗುತ್ತಿರುವುದನ್ನು ಕಂಡ ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಾವು ಗ್ರಾನೈಟ್ ತೆಗೆದುಕೊಂಡೆವು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಆದ್ದರಿಂದ ನಮ್ಮ ಬಾಲ್ಕನಿಯಲ್ಲಿ ಕರ್ಚೀಫು ಕಟ್ಟಿಕೊಂಡು ಒಣಗರಗಸ ಹಚ್ಚುವುದು ಬೇಡ, ಅಂಗಡಿಯಲ್ಲೇ ನೀರು ಬಿಟ್ಟು ಕೊಯ್ದು ತನ್ನಿ ಎಂದು ಪಟ್ಟು ಹಿಡಿದೆ. ಮಿಸ್ತ್ರಿ ನಕ್ಕರು. ಆದರೆ ಅಳತೆ ಕರಾರುವಾಕ್ಕಾಗಿದ್ದರೆ ಮನೆಯಲ್ಲಿ ಕೊಯ್ಯುವ ಅಗತ್ಯವೇ ಬೀಳುವುದಿಲ್ಲ. ಸರದಿ ಸರಿಯಿದ್ದರೆ ಇಂಥ ಲಾಭವೂ ಇದೆ. ಎರಡು ದಿನ ತಡವಾಯಿತು, ಅಷ್ಟೇ.

ಎಲ್ಲರಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಎತ್ತರ ಎಂದಾದ ಮೇಲೆ, ಅದನ್ನು ಕಂಪನಿಯ ಹುಡುಗನ ಕೈಗೆ ಬಿಡಲು ನನಗೆ ಮನಸ್ಸಿರಲಿಲ್ಲ. ನಮ್ಮ ಮನೆಯಲ್ಲಿ ಕಟ್ಟೆಯ ಮುಂದೆ ಅತಿ ಹೆಚ್ಚು ಹೊತ್ತು ನಿಲ್ಲುವವರು ನಾನಲ್ಲ, ಅತ್ತೆಯೂ ಅಲ್ಲ, ಅಡುಗೆಗೆ ಬರುವ ಅಫಜಲಪುರದ ಅಕ್ಕ. ಹಳೆಯ ಕಟ್ಟೆಯ ಮುಂದೆ ಮೂವರೂ ನಿಂತು ಮೊಣಕೈಯಿಂದ ಕೆಳಕ್ಕೆ ಟೇಪು ಹಿಡಿದೆವು. ಹೆಚ್ಚುವುದಕ್ಕೆ, ಕಲಸುವುದಕ್ಕೆ ಮೊಣಕೈಗಿಂತ ಮೂರು ನಾಲ್ಕು ಇಂಚು ಕೆಳಗೆ ಹಿತ. 33 ಇಂಚಿಗೆ ಮೂವರೂ ಒಪ್ಪಿದರು, ಅತ್ತೆ ಸ್ವಲ್ಪ ಗೊಣಗಿ. ಆಮೇಲೆ ಅಕ್ಕ ಹೇಳಿದರು: "ಇದು ಪಲ್ಯಕ್ಕ ಸರಿ ಅದ. ರೊಟ್ಟಿ ಬಡಿಯೋದು ಕೈ ಕೆಲಸ ಅಲ್ರೀ ಅಕ್ಕ, ಮೈಭಾರದ ಕೆಲಸ ಅದ. ಇಷ್ಟು ಎತ್ತರ ಇದ್ರ ಭುಜ ಹೋಗ್ತಾವ."

ನಿಜವೇ. ಕೂತು ರೊಟ್ಟಿ ಬಡಿದವರಿಗೆ ಭುಜ ಮೇಲೆತ್ತಬೇಕಾಗಿರಲಿಲ್ಲ, ಇಡೀ ಮೈ ಕೊಣಮಿಗೆಯ ಮೇಲೆ ಬಾಗುತ್ತಿತ್ತು. ಗ್ಯಾಸು ಎಲ್ಲರನ್ನೂ ಎಬ್ಬಿಸಿದಾಗ ಜೋಳದ ರೊಟ್ಟಿಯೂ ಎದ್ದಿತು, ಅದಕ್ಕೆ ಬೇಕಾದ ಎತ್ತರವನ್ನು ಯಾರೂ ಕೇಳಲಿಲ್ಲ. ಲಿಲಿಯನ್ ಗಿಲ್ಬ್ರೆತ್ ಸ್ಟ್ರಾಬೆರಿ ಕೇಕಿಗೆ ಕೇಳಿದ್ದರು.

ಅಕ್ಕ ನಿಂತು, ಬಾಗಿ, ಬಡಿದು ತೋರಿಸಿ ಆರಿಸಿದ ಎತ್ತರ 28 ಇಂಚು. ಕಿಚನ್ ಕಂಪನಿಯಲ್ಲಿ ಆ ಅಳತೆಯ ಡಬ್ಬ ಇಲ್ಲ, ಬೇಕಾದರೆ ವಿಶೇಷ ಆರ್ಡರ್, ಒಂದೂವರೆ ತಿಂಗಳು. ಕಿಟಕಿಯ ಪಕ್ಕ ಎರಡೂವರೆ ಅಡಿಯ ಜಾಗವನ್ನು ಅವರ ನಕ್ಷೆಯಿಂದ ತೆಗೆಸಿಹಾಕಿದೆ. ಯಾದಗಿರಿಯ ಗೌಂಡಿಯನ್ನು ಮತ್ತೆ ಕರೆಸಿದೆವು. ಒಡೆದ ಕಟ್ಟೆಯ ಎರಡು ಕಡಪಾ ಚಪ್ಪಡಿಗಳು ಬಾಲ್ಕನಿಯಲ್ಲಿ ಗೋಡೆಗೆ ಒರಗಿದ್ದವು, ಅವರು ಅವನ್ನೇ ಗೋಡೆಗೆ ಕೊರೆದು ಕಾಲುಗಳಾಗಿ ನಿಲ್ಲಿಸಿದರು. ಮೇಲೆ ಗ್ರಾನೈಟಿನ ಉಳಿದ ತುಂಡು, ಕೆಳಗೆ ಅಂಚು ಕೊಣಮಿಗೆ ಇಡಲು ಒಂದು ಗೂಡು, ಪಕ್ಕದಲ್ಲಿ ಒಂದು ಸ್ಟೂಲಿಗೂ ಜಾಗ. ಅರ್ಧ ದಿನದ ಕೆಲಸ. ಆ ಗೂಡಿಗೆ ಬಾಗಿಲು ಇನ್ನೂ ಆಗಿಲ್ಲ. ಬಡಗಿ ಮುಂದಿನ ವಾರ ಬರುತ್ತೇನೆ ಎಂದಿದ್ದಾರೆ.